ಗಾಜಿನ ಡಬ್ಬವೋ, ಫಾಯಿಲ್ ರೆಕ್ಕೆಯೋ?

ಮಾರ್ಚ್‌ನಿಂದ ಮೇವರೆಗೆ ಮೈಸೂರಿನ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಎರಡು ಸೌರ ಒಲೆ ಇಟ್ಟು ಅಡುಗೆ ಮಾಡಿ ನೋಡಿದೆ. ಎರಡೂ ಮನೆಯಲ್ಲೇ ಮಾಡಿದ್ದು. ಒಂದು, ಮೇಲೆ ಗಾಜು ಮುಚ್ಚಿದ ಡಬ್ಬ. ಇನ್ನೊಂದು, ಫಾಯಿಲ್ ಅಂಟಿಸಿದ ರಟ್ಟನ್ನು ರೆಕ್ಕೆ ಥರ ನಿಲ್ಲಿಸಿ, ನಡುವೆ ಪಾತ್ರೆ ಇಟ್ಟು, ಅದರ ಮೇಲೆ ಗಾಜಿನ ಬೋಗುಣಿ ಬೋರಲು ಹಾಕಿದ್ದು.

ರೆಕ್ಕೆ ಒಲೆಗೆ ಕತ್ತರಿ, ಮೈದಾ ಅಂಟು, ಒಂದು ಗಂಟೆ ಸಾಕು. ಡಬ್ಬಕ್ಕೆ ಎರಡು ದಿನ ಹಿಡಿಯಿತು. ದೊಡ್ಡ ರಟ್ಟಿನ ಡಬ್ಬದೊಳಗೆ ಚಿಕ್ಕದನ್ನಿಟ್ಟು, ನಡುವಿನ ಜಾಗಕ್ಕೆ ಥರ್ಮಾಕೋಲ್ ತುಂಬಿದ್ದೆ. ಮೂರನೇ ದಿನ ಕೆಟ್ಟ ವಾಸನೆ. ಬಿಚ್ಚಿ ನೋಡಿದರೆ ಥರ್ಮಾಕೋಲ್ ಕುಗ್ಗಿ ಮುದುಡಿತ್ತು. 100 ಡಿಗ್ರಿ ಹತ್ತಿರ ಬಂದರೆ ಅದು ಮೆತ್ತಗಾಗುತ್ತದೆ, ಅಡುಗೆಯ ಪಕ್ಕ ಬೇಡವೇ ಬೇಡ. ಆಮೇಲೆ ಮಾವ ಮಂಡ್ಯದ ಗಿರಣಿಯಿಂದ ಒಂದು ಚೀಲ ಭತ್ತದ ಹೊಟ್ಟು ತಂದುಕೊಟ್ಟರು. ಒಣಗಿಸಿ ತುಂಬಿದೆ. ಹೊಟ್ಟಿನ ಸಂದಿಯಲ್ಲಿ ಗಾಳಿ ಅಲುಗದೆ ನಿಲ್ಲುತ್ತದೆ, ಹಾಗಾಗಿ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಇಷ್ಟು ಅಗ್ಗದ, ಒಳ್ಳೆಯ ವಸ್ತು ನಮ್ಮ ಕಡೆ ಸುಮ್ನೆ ರಾಶಿ ಬಿದ್ದಿರುತ್ತದೆ, ಅಲ್ವಾ!

ಪಾತ್ರೆ ತೆಳ್ಳಗಿರಬೇಕು, ಹೊರಗೆ ಕಪ್ಪಗಿರಬೇಕು. ಸೌದೆ ಒಲೆಯಲ್ಲಿ ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯನ್ನು ಉಜ್ಜದೆ ಎತ್ತಿಟ್ಟುಕೊಂಡೆ.

ಗಾಳಿ ಇಲ್ಲದ ದಿನ ರೆಕ್ಕೆ ಒಲೆಯೇ ಮುಂದೆ. ಒಂದು ಪಾವು ಅಕ್ಕಿ ಒಂದೂಮುಕ್ಕಾಲು ಗಂಟೆಗೆ ಅನ್ನವಾಯಿತು. ಡಬ್ಬದಲ್ಲಿ ಎರಡು ಗಂಟೆ ಆಯಿತು. ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ರೆಕ್ಕೆಯನ್ನು ಅರ್ಧ ಗಂಟೆಗೊಮ್ಮೆ ತಿರುಗಿಸಲೇಬೇಕು. ಮೋಡ ಅಡ್ಡ ಬಂದರೆ ಅದು ಆಗಲೇ ತಣ್ಣಗಾಗುತ್ತದೆ. ಜೋರು ಗಾಳಿಗೆ ಎರಡು ಸಲ ಮಗುಚಿಯೂ ಬಿತ್ತು.

ತೊಗರಿಬೇಳೆಯಲ್ಲಿ ನಿಜವಾದ ವ್ಯತ್ಯಾಸ ಕಂಡಿತು. ಒಂದು ಗಂಟೆ ನೆನೆಸಿದ ಬೇಳೆಯನ್ನು ಹತ್ತೂವರೆಗೆ ಡಬ್ಬದಲ್ಲಿಟ್ಟೆ. ನಡುವೆ ಇಪ್ಪತ್ತು ನಿಮಿಷ ಮೋಡ. ಒಂದೂವರೆಗೆ ಗಾಜು ಎತ್ತಿದಾಗ ಒಳಗಿನ ಹನಿಗಳು ಸಾಲಾಗಿ ಜಾರಿದವು, ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಅಮ್ಮ ಸೌಟಿನ ಬೆನ್ನಿನಿಂದ ಒತ್ತಿ, "ಬೆಣ್ಣೆ ಥರ ಬೆಂದಿದೆ ನೋಡೋ" ಎಂದರು. ಅದೇ ದಿನ ರೆಕ್ಕೆ ಒಲೆಯ ಬೇಳೆ ನಡುವೆ ಗಟ್ಟಿಯಾಗಿಯೇ ಇತ್ತು. ಈರನಗೆರೆ ಬದನೆಕಾಯಿಗೆ ಎಣ್ಣೆ, ಉಪ್ಪು, ಖಾರ ಸವರಿ ಡಬ್ಬದಲ್ಲಿಟ್ಟರೆ ನೀರೇ ಬೇಡ, ತನ್ನ ರಸದಲ್ಲೇ ಬೇಯುತ್ತದೆ. ಪದೇ ಪದೇ ತೆಗೆದು ನೋಡಬೇಡಿ ಅಷ್ಟೇ. ಅನ್ನಕ್ಕೂ ನೀರು ಸ್ವಲ್ಪ ಕಮ್ಮಿ ಹಾಕಿ.

ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಮೈಸೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಡಬ್ಬವನ್ನು ಚಪ್ಪಟೆಯಾಗಿ ಇಟ್ಟರಾಯಿತು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ, ಆಗ ಹಿಂದೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು. ಮುದ್ದೆ ಮಾತ್ರ ಎರಡರಲ್ಲೂ ಆಗದು, ಅದನ್ನು ಒಲೆ ಮುಂದೆ ನಿಂತು ತಿರುವಲೇಬೇಕು.

ಮನೆಗೆ ನನ್ನ ಆಯ್ಕೆ ಡಬ್ಬವೇ. ರೆಕ್ಕೆ ಒಲೆಯನ್ನು ಊರಿಗೆ ಹೋಗುವಾಗ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ. ಗದ್ದೆ ಬದುವಿನ ಮೇಲೆ ಹಸಿ ಕಡಲೆಕಾಯಿ ಬೇಯಿಸಲು ಅದೇ ಸರಿ.