ಟ್ಯಾಕ್ಟರಿಗೆ ರಿಂಗ್ ಪಾನಾ ಸೆಟ್, ಎರಡು ದ್ರಾಕ್ಷಿ ಹಂಗಾಮು ಬಳಸಿ ನೋಡೀನಿ

ಹೊಸದಾಗಿ ಟ್ಯಾಕ್ಟರ್ ತಗೊಂಡವ್ರು ಯಾವ ಟೂಲ್ ಬಾಕ್ಸ್ ತರಬೇಕು ಅಂತ ಕೇಳ್ತಾರ. ಬಾಕ್ಸ್ ಬ್ಯಾಡ್ರಿ, ಮೊದ್ಲ ಒಂದು ಛಲೋ ರಿಂಗ್ ಪಾನಾ ಸೆಟ್ ತಗೋರಿ, ಅಂದ್ರ ಬೋಲ್ಟಿನ ತಲಿ ಸುತ್ತ ಬಳಿಯಂಗ ಕೂಡೋ ಪಾನಾ. ನಾನು ಮಿರಜದಿಂದ ಟಪಾರಿಯಾ ಕಂಪನಿದ 12 ಪಾನಾದ ಸೆಟ್ ತಂದೀನಿ, 6-7 ಎಂಎಂದಿಂದ ಹಿಡದು 30-32 ತನಕ ಅದಾವ, ಇನ್ನೂ ಒಂದರ ಹಲ್ಲೂ ಸವದಿಲ್ಲ.

ಅದಕ್ಕೂ ಮೊದ್ಲ ಜಾತ್ರ್ಯಾಗ ಒಂದು ಅಂಗಡ್ಯಾಗ ಪಳಪಳ ಹೊಳಿಯೋ ದೊಡ್ಡ ಬಾಕ್ಸ್ ತಂದಿದ್ದೆ. ದ್ರಾಕ್ಷಿ ಬಳ್ಳಿ ಕತ್ತರಸೋ ಅಕ್ಟೋಬರ್ ಚಾಟ್ನಿ ಆಗಿ ಮಳಿ ಹಿಡದಿತ್ತು, ಡೌನಿ ರೋಗ ಬರೋದ್ರೊಳಗ ಔಷಧ ಹೊಡೀಬೇಕು, ಅದಕ್ಕ ಮುಂಜಾನೆ ಆಯಿಲ್ ಬದಲಿ ಮಾಡೂಣು ಅಂತ ಬಾಯಿ ತೆರದ ಪಾನಾ ಹಾಕಿ ಡ್ರೇನ್ ಬೋಲ್ಟ್ ಎಳದ್ರ ಪಾನಾದ ಬಾಯೇ ಅಗಲ ಆಗಿ ಜಾರಿ ಬೋಲ್ಟಿನ ಮೂಲಿ ಎಲ್ಲ ಉರುಟಾಗಿ ಹೋತು, ನನ್ನ ಬೆರಳಿನ ಗೆಣ್ಣೂ ಸುಲೀತು. ಉಮದಿಯಿಂದ ಮಿಸ್ತ್ರಿ ಮಾಮಾ ಬರೋದು ಮರುದಿನ ಆತು, ಅವತ್ತಿನ ಸ್ಪ್ರೇ ತಪ್ಪಿತು. ಆ ಬೋಲ್ಟ್ ಕೈಯಾಗ ಹಿಡದು ಮಾಮಾ ಅಂದ್ರು, "ತಮ್ಮಾ, ಬಾಯಿ ಪಾನಾ ಎರಡ ಕಡಿ ಹಿಡೀತದ, ರಿಂಗ್ ಆರೂ ಮೂಲಿ ಹಿಡೀತದ."

ಈ ಸೆಟ್ಟಿನಾಗ ನನಗ ಭಾಳ ಹಿಡಸಿದ್ದು 16-17 ಮತ್ತ 18-19. ಯಾಕಂದ್ರ 10 ಎಂಎಂ ದಪ್ಪದ ಬೋಲ್ಟಿನ ತಲಿ ಕೆಲವು ಕಡಿ 17 ಇರ್ತದ, ಕೆಲವು ಕಡಿ 16, ಹಂಗ 12 ಎಂಎಂ ಬೋಲ್ಟಿಗೆ 19 ಇಲ್ಲಾ 18, ಎರಡೂ ಅಳತಿ ಒಂದ ಪಾನಾದಾಗ ಬಂದಬಿಟ್ಟಾವ. ರೆಂಟಿ ಕಟ್ಟೋದಿರ್ಲಿ, ಔಷಧ ಹೊಡಿಯೋ ಬ್ಲೋವರಿನ ಬೋಲ್ಟ್ ಬಿಗಿ ಮಾಡೋದಿರ್ಲಿ, ಅರ್ಧಕ್ಕಿಂತ ಹೆಚ್ಚು ಕೆಲ್ಸ ಇವೆರಡರಾಗ ಮುಗೀತದ. ಬ್ಯಾಟರಿ ಟರ್ಮಿನಲ್ಲಿಗೆ 12-13 ಸಾಕು, ಆದ್ರ ಮೊದ್ಲ ಮೈನಸ್ ಬಿಚ್ಚರಿ, ಇಲ್ಲಾಂದ್ರ ಪ್ಲಸ್ ಬಿಚ್ಚೋವಾಗ ಪಾನಾ ಟ್ಯಾಕ್ಟರಿನ ಕಬ್ಬಿಣಕ್ಕ ತಾಗಿದ್ರ ಕಿಡಿ ಹಾರ್ತದ.

ರಿಂಗ್ ಒಂದ ಇದ್ರ ಎಲ್ಲಾ ಆಗೂದಿಲ್ಲ ಮತ್ತ. ಡೀಸೆಲ್ ಖಾಲಿ ಆಗಿ ಪೈಪಿನಾಗ ಗಾಳಿ ಸೇರಿ ಏರ್ ಹಿಡದಾಗ ಇಂಜೆಕ್ಟರ್ ಪೈಪಿನ ನಟ್ ಸಡ್ಲ ಮಾಡಬೇಕಾಗ್ತದ, ಪೈಪ್ ಅಡ್ಡ ಬರೂದ್ರಿಂದ ಅಲ್ಲಿ ರಿಂಗ್ ಏರೂದಿಲ್ಲ, ಅದಕ್ಕ 17ರದು 19ರದು ಬಾಯಿ ಪಾನಾ ಎರಡ ಇಟ್ಕೋರಿ, ಅವೂ ಛಲೋವ ಇರ್ಲಿ. ಹಳೀ ಮ್ಯಾಸಿ ಫರ್ಗ್ಯುಸನ್ ಟ್ಯಾಕ್ಟರ್ ಇದ್ದವ್ರು ಇಂಚಿನ ಸೆಟ್ ಬ್ಯಾರೆ ತಗೋಬೇಕ್ರಿ, 9/16 ಇಂಚ್ ಅಂದ್ರ 14.3 ಎಂಎಂ, 14ರದು ಏರೂದಿಲ್ಲ, 15ರದು ಹಾಕಿದ್ರ ಸಡ್ಲಾಗಿ ಮೂಲಿ ತಿಂತದ. ಕೆಲವ್ರು ಬಡದು ಬಡದು 14ರದ ಕೂಡಸ್ತಾರ, ಹಂಗ ಮಾಡಬ್ಯಾಡ್ರಿ.

ಗಾಲಿ ನಟ್ಟಿಗೆ ಪಾನಾಕ್ಕ ಪೈಪ್ ತುರಕಿ ಎಳಿಯೋದೂ ಬ್ಯಾಡ, ಅದಕ್ಕ ಹಿಡಿಕಿ ಕೂಡೋ ಚೌಕ ತೂತು ಅರ್ಧ ಇಂಚ್ ಇರೋ ಸಾಕೆಟ್ ಉದ್ದನ್ನ ಹಿಡಿಕಿ ಸಮೇತ ತಗೋರಿ, ಗಾಲಿ ನಟ್ಟಿನ ಅಳತಿ ನೋಡಿ ಒಂದ ಸಾಕೆಟ್ ಸಾಕು. ಇನ್ನ ಪಕ್ಕಡ್, ಸುತ್ತಿಗಿ ಎಲ್ಲಾರ ಮನ್ಯಾಗ ಇರ್ತಾವ. ಗ್ರೀಸ್ ಗನ್ ಮಾತ್ರ ಬಿಡಬ್ಯಾಡ್ರಿ, ಟ್ಯಾಕ್ಟರಿಂದ ಬ್ಲೋವರ್ ತಿರಗಸೋ ಶಾಫ್ಟಿನ ಜಾಯಿಂಟ್ ನಿಮಿಷಕ್ಕ 540 ಸುತ್ತು ತಿರಗ್ತದ, ಗ್ರೀಸ್ ಒಣಗಿದ್ರ ಕಟಕಟ ಅನ್ನಾಕ ಶುರು ಆಗ್ತದ.

ಕೆಲ್ಸ ಆದ ಮ್ಯಾಲ ನಾನು ಪಾನಾ ಡೀಸೆಲ್ಲಾಗ ಒರಸಿ, ಗೋಣಿಚೀಲದಾಗ ಸುತ್ತಿ ಟ್ಯಾಕ್ಟರ್ ಸೀಟಿನ ಹಿಂದ ಇಡ್ತೀನಿ. ಮೊನ್ನೆ ಮತ್ತ ಅದ ಡ್ರೇನ್ ಬೋಲ್ಟ್, ಹೊಸಾದು, ರಿಂಗ್ ಹಾಕಿ ಒಂದ ಸಲ ಒತ್ತಿದೆ, ಟಕ್ ಅಂತ ಬಿಟ್ಟಿತು.