ಇಬ್ಬರು ಹ್ಯಾಮ್ಲೆಟ್‌ಗಳು: ಒಬ್ಬ ಮ್ಯಾನ್‌ಹ್ಯಾಟನ್ನಿನಲ್ಲಿ, ಒಬ್ಬ ಶ್ರೀನಗರದಲ್ಲಿ

ಶೇಕ್ಸ್‌ಪಿಯರನ ನಾಟಕದ ರಾಜಕುಮಾರ ಹ್ಯಾಮ್ಲೆಟ್‌ನನ್ನು ಈ ಕಾಲಕ್ಕೆ ತರುವ ನಿರ್ದೇಶಕ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಪ್ಪನನ್ನು ಚಿಕ್ಕಪ್ಪನೇ ಮುಗಿಸಿದ್ದಾನೆ ಅಂತ ಗೊತ್ತಾದ ಮೇಲೆ ಈ ಹುಡುಗ ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋಗುವುದಿಲ್ಲ? ಕುವೆಂಪು 1932ರಲ್ಲೇ ‘ರಕ್ತಾಕ್ಷಿ’ಯಲ್ಲಿ ಈ ಕಥೆಯನ್ನು ಬಿದನೂರಿಗೆ ತಂದಿದ್ದರು. ಅಲ್ಲಿ ಅರಸೊತ್ತಿಗೆ ಹಾಗೇ ಇತ್ತು, ಈ ತೊಡಕು ಬರಲಿಲ್ಲ. ಮೈಕೆಲ್ ಆಲ್ಮೆರೇಡಾ 2000ದಲ್ಲಿ ನ್ಯೂಯಾರ್ಕಿನಲ್ಲಿ ಕೂರಿಸಿದ ‘ಹ್ಯಾಮ್ಲೆಟ್’ ಮತ್ತು ವಿಶಾಲ್ ಭಾರದ್ವಾಜ್ 2014ರಲ್ಲಿ ತೆರೆಗೆ ತಂದ ‘ಹೈದರ್’ ಎರಡನ್ನೂ ಬೆನ್ನುಬೆನ್ನಿಗೆ ನೋಡಿದೆ. ನನ್ನ ಮಟ್ಟಿಗೆ ಸೋಲು–ಗೆಲುವು ತೀರ್ಮಾನವಾಗಿದ್ದು ಈ ಒಂದು ಪ್ರಶ್ನೆಯ ಮೇಲೆಯೇ.

ನ್ಯೂಯಾರ್ಕಿನ ಚಿತ್ರದಲ್ಲಿ ನಾಟಕದ ಡೆನ್ಮಾರ್ಕ್ ರಾಜ್ಯ ಅಂದರೆ ಒಂದು ಕಂಪನಿ, ಎಲ್ಸಿನೋರ್ ಅರಮನೆ ಅಂದರೆ ಹೋಟೆಲ್, ಸಿಂಹಾಸನ ಅಂದರೆ ಸಿಇಒ ಕುರ್ಚಿ. ಮಾತು ಮಾತ್ರ ಶೇಕ್ಸ್‌ಪಿಯರನದೇ. ಸಬ್‌ಟೈಟಲ್ ಹಾಕಿಕೊಂಡೇ ನೋಡಿದೆ, ನಾಚಿಕೆಯೇನಿಲ್ಲ. ಜಾಣತನಕ್ಕಂತೂ ಬರವಿಲ್ಲ. ಈಥನ್ ಹಾಕ್ ‘ಇರುವುದೋ ಇಲ್ಲವಾಗುವುದೋ’ ಎಂಬ ಸ್ವಗತವನ್ನು ಹೇಳುವುದು ಬ್ಲಾಕ್‌ಬಸ್ಟರ್ ವಿಡಿಯೊ ಅಂಗಡಿಯಲ್ಲಿ. ಕಪಾಟುಗಳ ಮೇಲೆಲ್ಲ ‘ಆಕ್ಷನ್’ ಎಂಬ ಬೋರ್ಡು, ನಡುವೆ ಕೈಕಟ್ಟಿ ಹೋದ ಈ ಆಸಾಮಿ. ಅಪ್ಪನ ಪ್ರೇತ ಪೆಪ್ಸಿ ಯಂತ್ರದೊಳಗೆ ಕರಗಿಹೋಗುತ್ತದೆ. ಹ್ಯಾಮ್ಲೆಟ್‌ನ ಪ್ರೇಯಸಿ ಒಫೀಲಿಯಾಳ ಮೈಮೇಲೆ ಅವಳ ಅಪ್ಪನೇ ಮೈಕ್ ಕಟ್ಟಿ ಪ್ರಿಯಕರನ ಬಳಿ ಕಳಿಸುತ್ತಾನೆ. ಮುದ್ದಿಸುತ್ತಿದ್ದ ಕೈಗೆ ಆ ವೈರು ತಾಗುತ್ತದೆ. ಆ ಕ್ಷಣದಲ್ಲಿ ಹಾಕ್‌ನ ಮುಖ ನೋಡಬೇಕು. ಹುಚ್ಚು ಹಿಡಿದ ಮೇಲೆ ಅವಳು ಹಂಚುವುದು ಹೂವನ್ನಲ್ಲ, ಹೂವಿನ ಪೋಲರಾಯ್ಡ್ ಫೋಟೊಗಳನ್ನು. ಜೂಲಿಯಾ ಸ್ಟೈಲ್ಸ್ ಮುಂದೆ ‘ಹೈದರ್’ನ ಶ್ರದ್ಧಾ ಕಪೂರ್ ಸಪ್ಪೆ.

ಆದರೂ ಭಯವಿಲ್ಲ. ಕೈಲ್ ಮ್ಯಾಕ್ಲಾಕ್ಲನ್‌ನ ಸಿಇಒ ಚಿಕ್ಕಪ್ಪ ಎಷ್ಟೇ ನಯವಂಚಕನಾದರೂ, ಬೀದಿಗಿಳಿದರೆ ಟ್ಯಾಕ್ಸಿ ಸಿಗುವ, ವಕೀಲರು ಸಿಗುವ ಊರು ಅದು. ‘ಡೆನ್ಮಾರ್ಕ್ ಒಂದು ಸೆರೆಮನೆ’ ಎನ್ನುವುದು ಅಲ್ಲಿ ಸಿರಿವಂತರ ಮನೆ ಹುಡುಗನ ಗೊಣಗಾಟವಾಗಿಯೇ ಉಳಿಯುತ್ತದೆ.

‘ಹೈದರ್’ನಲ್ಲಿ ಅದು ವರದಿ. 1995ರ ಕಾಶ್ಮೀರ. ಉಗ್ರನೊಬ್ಬನಿಗೆ ಮನೆಯಲ್ಲೇ ಆಪರೇಷನ್ ಮಾಡಿದ ಹೈದರನ ಡಾಕ್ಟರ್ ಅಪ್ಪನನ್ನು ಸೇನೆ ಎತ್ತಿಕೊಂಡು ಹೋಗುತ್ತದೆ, ಮನೆ ಸ್ಫೋಟವಾಗುತ್ತದೆ, ಆಮೇಲೆ ಆತ ‘ಕಾಣೆ’. ಹೆಂಡತಿ ಗಜಾಲಾ ಅರ್ಧ ವಿಧವೆ, ಅಂದರೆ ಗಂಡ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದವಳು. ಇಲ್ಲಿ ದೂರು ಕೊಡಬೇಕಾದ ಜಾಗದಿಂದಲೇ ಅಪರಾಧ ಹೊರಟಿದೆ. ಸೇಡಿಗೆ ಕಾರಣ ಹುಡುಕಬೇಕಿಲ್ಲ. ಲಾಲ್ ಚೌಕದಲ್ಲಿ ತಲೆ ಬೋಳಿಸಿಕೊಂಡ ಶಾಹಿದ್ ಕಪೂರ್ ನೇಣಿನ ಕುಣಿಕೆಯನ್ನೇ ಮೈಕ್ ಮಾಡಿಕೊಂಡು ‘ನಾವಿದ್ದೀವೋ ಇಲ್ಲವೋ’ ಎಂದು ಕೇಳುವಾಗ ಅದು ಒಬ್ಬನ ಸ್ವಗತವಲ್ಲ, ಸಂತೆಯ ಮಾತು.

ಪ್ರೇತದ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಇರ್ಫಾನ್ ಖಾನ್‌ನ ರೂಹ್‌ದಾರ್ ಸತ್ತವನಲ್ಲ, ಅಪ್ಪನ ಜೊತೆ ಜೈಲಿನಲ್ಲಿದ್ದವನು. ಗಡಿಯಾಚೆಯ ನಂಟಿರುವವನು. ಪ್ರೇತ ನಿಜ ಹೇಳುತ್ತಿದೆಯೋ, ದಾರಿ ತಪ್ಪಿಸುತ್ತಿದೆಯೋ ಎಂಬ ನಾಟಕದ ಹಳೆಯ ಅನುಮಾನಕ್ಕೆ ಇಲ್ಲಿ ಜೀವ ಬರುವುದು ಅದರಿಂದ. ಅವನು ಬರುವ ಒಂದು ತುಣುಕು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬಾತ ಸ್ವಂತ ಮನೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾನೆ, ಮನೆಯಾಕೆ ಕರೆದರೂ ಒಳಗೆ ಹೋಗುತ್ತಿಲ್ಲ. ರೂಹ್‌ದಾರ್ ಬಂದು ಮೈ ತಡವಿ, ಗುರುತಿನ ಚೀಟಿ ಕೇಳುತ್ತಾನೆ. ತಪಾಸಣೆ ಮುಗಿಯಿತಲ್ಲ, ಆತ ಒಳಗೆ ಹೋಗುತ್ತಾನೆ. ಆ ಪಾತ್ರ ಮಾಡಿದ್ದು ಚಿತ್ರಕಥೆಯ ಸಹಲೇಖಕ ಬಶಾರತ್ ಪೀರ್.

ದೋಷವಿಲ್ಲದ್ದೇನಲ್ಲ. ಪ್ರೇಮಗೀತೆ ಬೇಕಿರಲಿಲ್ಲ, ದ್ವಿತೀಯಾರ್ಧ ಎಳೆದಾಡುತ್ತದೆ. ನಾಟಕದ ಹ್ಯಾಮ್ಲೆಟ್‌ನ ಗೆಳೆಯರ ಜಾಗದಲ್ಲಿರುವ ಇಬ್ಬರು ಸಲ್ಮಾನರ ತಮಾಷೆ ಒಂದು ಹಂತದವರೆಗೆ ಸರಿ. ಚಿಕ್ಕಪ್ಪನ ತಪ್ಪನ್ನು ಬಯಲಿಗೆಳೆಯುವ ನಾಟಕದೊಳಗಿನ ನಾಟಕವನ್ನು ಮಾರ್ತಾಂಡ ದೇಗುಲದ ಅವಶೇಷಗಳ ನಡುವೆ ಗೊಂಬೆಗಳಿಟ್ಟು ಕುಣಿಸಿದ ‘ಬಿಸ್ಮಿಲ್’ ಹಾಡು ಮಾತ್ರ ಆ ಎಳೆದಾಟಕ್ಕೆ ಹೊರತು. ಹಾಕ್ ತಯಾರಿಸುವ ವಿಡಿಯೊ ತುಣುಕು ಅದರೆದುರು ಕಾಲೇಜು ಪ್ರಾಜೆಕ್ಟ್.

ಕೊನೆಯಲ್ಲಿ ಇಬ್ಬರೂ ಎಡವುತ್ತಾರೆ, ಬೇರೆ ಬೇರೆ ಕಡೆ. ಟೆರೇಸಿನ ಮೇಲೆ ಕತ್ತಿವರಸೆ ಆಡುವವರ ಕೈಗೆ ಆಲ್ಮೆರೇಡಾ ಪಿಸ್ತೂಲನ್ನೂ ಕೊಡುತ್ತಾನೆ. ಪಿಸ್ತೂಲಿದ್ದ ಮೇಲೆ ಕತ್ತಿ ಯಾಕಪ್ಪಾ? ಡಯಾನ್ ವೆನೋರಾಳ ತಾಯಿ ಮಾತ್ರ ವಿಷವೆಂದು ಗೊತ್ತಿದ್ದೇ ಬಟ್ಟಲೆತ್ತಿ ಕುಡಿಯುವಂತೆ ಕಾಣುತ್ತದೆ, ಅದು ಚೆನ್ನ. ಭಾರದ್ವಾಜ್ ಆ ಸುಳಿವನ್ನು ಬಾಂಬ್ ಕಟ್ಟಿದ ಜಾಕೆಟ್‌ವರೆಗೆ ಎಳೆದಿದ್ದಾರೆ. ಕಾಗದದ ಮೇಲೆ ಅತಿಯೆನಿಸಬಹುದು. ಗಜಾಲಾಳ ಪಾತ್ರವನ್ನು ತಬು ಮಾಡಿದ್ದರಿಂದ ನಂಬಿದೆ. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದೆ.