'ಶೇವ್ ರೆಡಿ' ಜರ್ಮನ್ ಕ್ಷೌರದ ಕತ್ತಿ ಅಂತ 8,500 ರೂಪಾಯಿ ಹಾಕೋ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಯಾರಾದರೂ ಇನ್‌ಸ್ಟಾಗ್ರಾಮ್ ನೋಡಿ ಹಳೇ ಕಾಲದ ಕ್ಷೌರದ ಕತ್ತಿ ತಗೊಳ್ಳೋಕೆ ಹೊರಟಿದ್ದರೆ, ದಯವಿಟ್ಟು ಇವತ್ತು ದುಡ್ಡು ಹಾಕಬೇಡಿ. ಇದನ್ನು ಓದಿ, ಆಮೇಲೆ ನಿಮ್ಮಿಷ್ಟ. ನಾನು ಹೇಳ್ತಿರೋದು ಸಲೂನಿನಲ್ಲಿ ಬ್ಲೇಡು ಎರಡು ತುಂಡು ಮಾಡಿ ಸಿಕ್ಕಿಸುತ್ತಾರಲ್ಲ, ಅದರ ಬಗ್ಗೆ ಅಲ್ಲ. ಇಡೀ ಅಲಗೇ ಉಕ್ಕಿನದಾಗಿರುವ, ಹಿಡಿಯೊಳಗೆ ಮಡಚಿಕೊಳ್ಳುವ, ಮಸೆದು ಮಸೆದು ತಲೆಮಾರುಗಟ್ಟಲೆ ಬಳಸುವ ಅಸಲಿ ಕತ್ತಿ.

ನನಗೆ ಟೋಪಿ ಹಾಕಿದವನ ಹೆಸರು ಇಲ್ಲಿ ಬರೆಯುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಅದು ಅದರ ಪಾಡಿಗೆ ನಡೀಲಿ. ಆದರೆ ಇದೇ ಧಾಟಿಯಲ್ಲಿ ಮಾರುವವರು ಅವನೊಬ್ಬನೇ ಅಲ್ಲ ಅಂತ ಈಗ ಗೊತ್ತಾಗಿದೆ.

ಪ್ಯಾಕೇಜ್ ಹೀಗಿತ್ತು. ರಿಪೇರಿ ಮಾಡಿದ ಹಳೇ ಸೋಲಿಂಗನ್ ಕತ್ತಿ (ಸೋಲಿಂಗನ್ ಅಂದರೆ ಕತ್ತಿ, ಚಾಕುಗಳಿಗೆ ಹೆಸರಾದ ಜರ್ಮನಿಯ ಊರು), ತೀಡುವುದಕ್ಕೆ ಒಂದು ತೊಗಲು ಪಟ್ಟಿ, ಇಟ್ಟುಕೊಳ್ಳೋಕೆ ಚರ್ಮದ ಚೀಲ, ಜೊತೆಗೆ ಭಾನುವಾರ ಬೆಳಗ್ಗೆ ಅವನ ಮನೆ ಮಹಡಿಯಲ್ಲಿ ಒಂದು ಕ್ಲಾಸ್. ಎಲ್ಲಾ ಸೇರಿ 8,500. "ಗುರು, ಇದು ಶೇವ್ ರೆಡಿ. ಮನೆಗೆ ಹೋಗಿ ಸೋಪ್ ಹಚ್ಚು, ಶುರು ಮಾಡು, ಅಷ್ಟೇ" ಅಂದ. ಶೇವ್ ರೆಡಿ ಅಂದರೆ ಮಾರುವವನೇ ಸಾಣೆ ಹಿಡಿದು, ಮುಖದ ಮೇಲೆ ಪರೀಕ್ಷೆ ಮಾಡಿ ಕೊಟ್ಟಿದ್ದು ಅಂತ ಈ ವ್ಯವಹಾರದಲ್ಲಿ ಅರ್ಥ. ಎಲ್ಲರೂ ಹಾಗೇ ತಗೊಳ್ಳೋದು, ಅಲ್ವಾ?

ಕ್ಲಾಸ್ ಚೆನ್ನಾಗೇ ಇತ್ತು. ಅದೇ ಹೊಟ್ಟೆ ಉರಿಯೋದು. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರಲಿ, ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿ, ಚಿಕ್ಕ ಚಿಕ್ಕ ಎಳೆತ, ಒತ್ತಬೇಡ, ಅಡ್ಡಡ್ಡ ಜಾರಿಸಲೇಬೇಡ, ಮೊದಲು ಕೆನ್ನೆ ಮಾತ್ರ, ಗದ್ದ ಕುತ್ತಿಗೆ ಆಮೇಲೆ. ಪಟ್ಟಿಯ ಮೇಲೆ ತೀಡುವಾಗ ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು, ಇಲ್ಲದಿದ್ದರೆ ಪಟ್ಟಿಯೂ ಕುಯ್ದುಹೋಗುತ್ತೆ, ಬಾಯಿಯೂ ಹಾಳು. ಇದೆಲ್ಲ ಸರಿಯಾದ ಮಾತೇ. ಇಷ್ಟು ಗೊತ್ತಿರುವವನಿಗೆ ತಾನು ಎಂಥ ಕತ್ತಿ ಮಾರುತ್ತಿದ್ದೇನೆ ಅಂತ ಗೊತ್ತಿರಲಿಲ್ಲವಾ?

ಮನೆಯಲ್ಲಿ ಬಿಸಿನೀರಿನಲ್ಲಿ ಮುಖ ತೊಳೆದು, ನೊರೆ ಹಚ್ಚಿ, ಅವನು ಹೇಳಿದ ಹಾಗೇ ಕೆನ್ನೆಗೆ ಇಟ್ಟೆ. ಕೂದಲು ಕತ್ತರಿಸಲಿಲ್ಲ, ಕಿತ್ತಿತು. ಕಣ್ಣಲ್ಲಿ ನೀರು ಬಂತು. ಅಲಗಿನ ತುದಿ ಸ್ವಲ್ಪ ಕತ್ತರಿಸುತ್ತೆ, ಹಿಡಿ ಕಡೆಯ ಅರ್ಧ ಸುಮ್ನೆ ಕೆರೆಯುತ್ತೆ. ಕೆನ್ನೆ ತುಂಬಾ ಕೆಂಪು ಗೀರು. ಪಟಿಕ ಉಜ್ಜಿದರೆ ಉರಿ ತಡೆಯೋಕಾಗಲಿಲ್ಲ. ಮಾರನೇ ದಿನ ಆಫೀಸಿನಲ್ಲಿ "ಏನ್ ಸರ್, ಬೆಕ್ಕು ಪರಚಿತಾ?" ಅಂತ ಕೇಳಿಸಿಕೊಂಡು ಹಲ್ಲು ಕಿರಿದೆ.

ಫೋಟೋ ಕಳಿಸಿದೆ. ಬಂದ ಉತ್ತರ ನೋಡಿ:

"ಕೈ ಕೂರಬೇಕು ಸರ್. ಎಲ್ಲಾ ಹೊಸಬರಿಗೂ ಹೀಗೇ."

ಗಮನಿಸಿ, ದುಡ್ಡು ಹೋಗೋವರೆಗೂ ಗುರು, ಬ್ರೋ. ದೂರು ಶುರುವಾದ ತಕ್ಷಣ ಸರ್.

ಸರಿ, ಕೈ ಕೂರಲಿ ಅಂತ ಮತ್ತೆ ಪ್ರಯತ್ನ. ಮತ್ತೆ ಅದೇ ಕೀಳೋದು. ಮತ್ತೆ ಮೆಸೇಜ್. "ನಿಮ್ಮ ಗಡ್ಡ ತುಂಬಾ ಗಟ್ಟಿ ಸರ್." ಅದಾದ ಮೇಲೆ "ಪಟ್ಟಿ ಮೇಲೆ ಇನ್ನೂ ಜಾಸ್ತಿ ತೀಡಿ." ಅದಾದ ಮೇಲೆ "ನೀವು ತೀಡಿ ತೀಡಿ ಬಾಯಿ ಕೆಡಿಸಿದ್ದೀರ ಅನಿಸುತ್ತೆ, ಮತ್ತೆ ಸಾಣೆ ಹಿಡಿಬೇಕು ಅಂದ್ರೆ 1,200 ಆಗುತ್ತೆ." ಓದಿದಿರಾ? ಜಾಸ್ತಿ ತೀಡು ಅಂದವನೂ ಅವನೇ, ಜಾಸ್ತಿ ತೀಡಿದ್ದಕ್ಕೆ ಕೆಟ್ಟಿತು ಅಂದವನೂ ಅವನೇ, ಅದಕ್ಕೆ ದುಡ್ಡು ಕೇಳಿದವನೂ ಅವನೇ.

ಆಗ ಕತ್ತಿ ತಗೊಂಡು ಚಾಮರಾಜಪೇಟೆ ಕಡೆಯ ಒಂದು ಹಳೇ ಸಲೂನಿಗೆ ಹೋದೆ. ಅಲ್ಲಿನ ಹಿರಿಯರು ಅರ್ಧ ಬ್ಲೇಡ್ ಬರೋ ಮುಂಚಿನ ಕಾಲದಲ್ಲಿ ಇಂಥ ಕತ್ತಿಯಲ್ಲೇ ಕೆಲಸ ಕಲಿತವರು. ಈಗ ಗಿರಾಕಿಗಳಿಗೆ ಬಳಸಲ್ಲ. ರಕ್ತದಿಂದ ಹರಡುವ ಕಾಯಿಲೆಗಳ ಭಯಕ್ಕೆ ಒಬ್ಬೊಬ್ಬರಿಗೂ ಹೊಸ ಬ್ಲೇಡೇ. ಅವರು ಕನ್ನಡಕ ಏರಿಸಿಕೊಂಡು ಕತ್ತಿಯ ಬಾಯಿ ಮೇಲೆ ಮಾಡಿ ಟ್ಯೂಬ್‌ಲೈಟ್ ಕೆಳಗೆ ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿದರು. ಹಿಡಿ ಕಡೆಯ ಅರ್ಧಕ್ಕೆ ಸಣ್ಣದೊಂದು ಬಿಳಿ ಗೆರೆ ಹೊಳೆಯಿತು. ತುದಿಯಲ್ಲಿ ಆ ಗೆರೆ ಇರಲಿಲ್ಲ.

"ನೋಡಪ್ಪಾ, ಹೊಳೀತಿದೆಯಲ್ಲ, ಅದು ಮೊಂಡು. ಹರಿತ ಇರೋ ಬಾಯಿ ಕಣ್ಣಿಗೆ ಕಾಣಬಾರದು" ಅಂದರು. ಆಮೇಲೆ ಕನ್ನಡಿ ಮುಂದಿನ ಗಾಜಿನ ಮೇಲೆ ಅಲಗನ್ನು ಮಲಗಿಸಿ ಬೆರಳಿನಿಂದ ಮೆಲ್ಲಗೆ ಒತ್ತಿದರು. ಟಕ್. ಇನ್ನೊಂದು ತುದಿ ಒತ್ತಿದರು. ಟಕ್. ಅಲಗೇ ಸೊಟ್ಟ. ಈ ಕತ್ತಿಗಳಲ್ಲಿ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು, ಬೆನ್ನಿನ ದಪ್ಪವೇ ಮಸೆಯುವ ಕೋನವನ್ನು ಹಿಡಿದುಕೊಡೋದು. ಸೊಟ್ಟ ಅಲಗನ್ನು ಚಪ್ಪಟೆ ಕಲ್ಲಿನ ಮೇಲೆ ಸುಮ್ನೆ ಎಳೆದರೆ ಒಂದು ಭಾಗಕ್ಕೆ ಕಲ್ಲು ತಾಗುವುದೇ ಇಲ್ಲ. "ಮೆಷಿನ್ನಿಗೆ ಕೊಟ್ಟು ಪಾಲಿಶ್ ಹಾಕಿದಾರೆ ಕಣಪ್ಪಾ. ಸಾಣೆ ಹಿಡಿದಿಲ್ಲ. ಎಷ್ಟು ಕೊಟ್ಟೆ?" ಅಂದರು. 8,500ರಲ್ಲಿ ಐನೂರು ಕಡಿಮೆ ಮಾಡಿ ಹೇಳಿದೆ. ಆದರೂ ಪಕ್ಕದ ಕುರ್ಚಿಯ ಹುಡುಗ ನಕ್ಕ.

ಮನೆಗೆ ಬಂದು ಅವನು ಕೊಳ್ಳುವ ಮುಂಚೆ ಕಳಿಸಿದ್ದ ವಿಡಿಯೋ ಮತ್ತೆ ಹಾಕಿದೆ. ಮುಂಗೈ ಕೂದಲು ಸರ್ ಸರ್ ಅಂತ ಬೋಳಿಸೋ ವಿಡಿಯೋ. ಅದನ್ನು ನೋಡಿಯೇ ನಾನು ದುಡ್ಡು ಹಾಕಿದ್ದು. ನಿಧಾನ ಮಾಡಿ ನೋಡಿದರೆ ಪೂರ್ತಿ ವಿಡಿಯೋದಲ್ಲಿ ತುದಿಯ ಒಂದಿಂಚು ಬಿಟ್ಟು ಬೇರೆ ಜಾಗ ಕೈಗೆ ತಾಗಿಸಿಯೇ ಇಲ್ಲ! ಹಿಡಿ ಕಡೆಯ ಭಾಗ ಬರುವ ಹೊತ್ತಿಗೆ ಪ್ರತಿ ಸಲವೂ ಕೈ ಎತ್ತಿಬಿಡುತ್ತಾನೆ. ಪ್ರತಿ ಸಲವೂ. ಅಂದರೆ ಅವನಿಗೆ ಗೊತ್ತಿತ್ತು. ಆ ಹೊತ್ತಿಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಇನ್ನು 'ಸೋಲಿಂಗನ್'. ಜರ್ಮನಿಯ ಆ ಊರಿನ ಹೆಸರನ್ನು ಬೇರೆಲ್ಲೋ ಮಾಡಿದ ಕತ್ತಿ, ಚಾಕುಗಳ ಮೇಲೆ ಹಾಕಬಾರದು ಅಂತ ಅಲ್ಲಿ 1938ರಲ್ಲೇ ಕಾನೂನು ಬಂದಿದೆ. ಹಳೇ ಕತ್ತಿಯ ಅಕ್ಷರಗಳು ಉಕ್ಕಿನೊಳಗೆ ಒತ್ತಿದವು; ಪಾಲಿಶ್ ಹಾಕಿದಷ್ಟೂ ಅಂಚು ಸವೆದು ಮಾಸಲಾಗುತ್ತವೆ. ನನ್ನ ಕತ್ತಿಯಲ್ಲಿ ಭೂತಗನ್ನಡಿ ಇಟ್ಟು ನೋಡಿದರೆ ಪಾಲಿಶ್ ಗೀರುಗಳ ಮೇಲೆ ಅಕ್ಷರ ಕೂತಿದೆ. ಮೊದಲು ಪಾಲಿಶ್, ಆಮೇಲೆ ಹೆಸರು! ಇದನ್ನೂ ಕೇಳಿದೆ. "ಕಲೆಕ್ಟರ್ ಪೀಸ್ ಸರ್, ನಿಮಗೆ ಅರ್ಥ ಆಗಲ್ಲ" ಅಂದ.

ಚರ್ಮದ ಚೀಲದ ಕಥೆ ಕೇಳಿ. "ಬಳಸಿದ ಮೇಲೆ ಚೀಲಕ್ಕೆ ಹಾಕಿ ಬಾತ್‌ರೂಮ್ ಕಪಾಟಿನಲ್ಲಿಡಿ" ಅಂತ ಅವನೇ ಹೇಳಿದ್ದು. ಈ ಅಲಗುಗಳು ಹೆಚ್ಚಾಗಿ ಕಾರ್ಬನ್ ಉಕ್ಕು, ನೀರು ಕಂಡರೆ ತುಕ್ಕು. ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಗೀಸರ್ ಹಬೆ ತುಂಬಿದ ಬಾತ್‌ರೂಮಿನಲ್ಲಿ, ಅದೂ ನಮ್ಮ ಮಳೆಗಾಲದಲ್ಲಿ, ಅದರೊಳಗೆ ಉಕ್ಕು ಇಟ್ಟರೆ ಏನಾಗಬೇಕೋ ಅದೇ ಆಯಿತು. ಬಾಯಿಯ ಉದ್ದಕ್ಕೂ ರಾಗಿ ಕಾಳಿನಂಥ ಕಂದು ಚುಕ್ಕಿ. ಬಾಯಿಯಂಚಿಗೆ ಚುಕ್ಕಿ ಬಿತ್ತು ಅಂದರೆ ಅಲ್ಲಿ ಉಕ್ಕೇ ತಿಂದುಹೋಗಿದೆ ಅಂತ. ಫೋಟೋ ಕಳಿಸಿದ್ದಕ್ಕೆ ಉತ್ತರ: "ಬೆಂಗಳೂರು ವೆದರ್ ಸರ್, ನಾನೇನ್ ಮಾಡ್ಲಿ?"

ಇಷ್ಟಾದರೂ ತಡೆದುಕೊಂಡೆ. ತಡೆಯೋಕಾಗದ್ದು ಸ್ಟ್ಯಾಂಡ್ ವಿಷಯ. ಚೀಲ ಬೇಡ ಅಂದರೆ ಇನ್ನೂ 900 ಕೊಟ್ಟು ಸ್ಟ್ಯಾಂಡ್ ತಗೊಳ್ಳಿ, ವಾಶ್‌ಬೇಸಿನ್ ಪಕ್ಕ ಕತ್ತಿ ತೂಗು ಹಾಕಿ, ನೋಡೋಕೂ ಚೆನ್ನಾಗಿರುತ್ತೆ ಅಂದ. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ ಮಾರಾಯಾ, ಕ್ಲಾಸಿನಲ್ಲೇ ಹೇಳಿದ್ದೆನಲ್ಲ ಅಂದರೆ, "ಮುಟ್ಟಬೇಡ ಅಂತ ಹೇಳಿ ಸರ್." ಮುಟ್ಟಬೇಡ ಅಂತ ಹೇಳಬೇಕಂತೆ! ಐದು ವರ್ಷದ ಮಗುವಿಗೆ!

ನಾನು ಈಗ ತಿಳಿದುಕೊಂಡಿದ್ದು ಇಷ್ಟು. ತೊಳೆದು, ಬಟ್ಟೆಯಲ್ಲಿ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ, ಹಿಡಿ ಸೇರುವ ಮೊಳೆಯ ಸಂದಿಯಲ್ಲೂ ನೀರು ಉಳಿಯದ ಹಾಗೆ ಒಣಗಲು ಬಿಟ್ಟು, ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ, ಬೀಗ ಇರುವ ಬೀರುವಿನಲ್ಲಿ ಮೇಲಿನ ಖಾನೆಗೆ. ಬಾತ್‌ರೂಮು ಬೇಡವೇ ಬೇಡ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದೆರಡು ಜೊತೆಗಿಟ್ಟರೆ ಒಳ್ಳೇದು, ಅದನ್ನೂ ಮಕ್ಕಳ ಕೈಗೆ ಸಿಗದ ಹಾಗೆ. ಹಿಡಿ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಇನ್ನೊಂದು ತಲೆನೋವು: ಅದು ಕೊಳೆಯೋಕೆ ಶುರುವಾದರೆ ಹೊರಡುವ ಆಮ್ಲದ ಹಬೆ ಪಕ್ಕದ ಕತ್ತಿಗಳಿಗೂ ತುಕ್ಕು ಹಿಡಿಸುತ್ತದೆ. ಕತ್ತಿ ಕೈ ಜಾರಿದರೆ ಹಿಡಿಯೋಕೆ ಹೋಗಬೇಡಿ, ಬಿದ್ದು ಮುರಿದುಹೋಗಲಿ, ಬೆರಳು ಉಳಿಯುತ್ತೆ.

ಕೊಳ್ಳುವುದೇ ಆದರೆ ಹಿಡಿಯಿಂದ ತುದಿವರೆಗೆ ಪೂರ್ತಿ ಬಾಯಿ ಕೂದಲು ಕತ್ತರಿಸುವ ವಿಡಿಯೋ ಕೇಳಿ, ಗಾಜಿನ ಮೇಲೆ ಮಲಗಿಸಿ ತೋರಿಸು ಅನ್ನಿ. ಯಾವ ಕಲ್ಲಲ್ಲಿ ಮಸೆದೆ ಅಂತ ಕೇಳಿ. ಕಲ್ಲು ಎಷ್ಟು ನುಣುಪು ಅಂತ ಹೇಳೋಕೆ ನಂಬರ್ ಇರುತ್ತೆ, ನಂಬರ್ ಹೆಚ್ಚಿದಷ್ಟೂ ನುಣುಪು; 1000ದಲ್ಲಿ ಶುರುಮಾಡಿ 8000, 12000ದವರೆಗೆ ಹೋದವನು ಕೇಳದಿದ್ದರೂ ಹೇಳುತ್ತಾನೆ. ನನ್ನವನು "ಸ್ಪೆಷಲ್ ಕಲ್ಲು" ಅಂದಿದ್ದ. ಬರೀ ಕಲಿಯೋಕೆ ಅಂದರೆ ಬ್ಲೇಡ್ ಸಿಕ್ಕಿಸುವ ಸಲೂನ್ ಕತ್ತಿ ಸಾಕು. ಸ್ವಲ್ಪ ಒತ್ತಿದರೂ ಕುಯ್ಯುತ್ತೆ ನಿಜ, ಆದರೆ ಹರಿತದ ಬಗ್ಗೆ ಯಾರೂ ನಿಮಗೆ ಸುಳ್ಳು ಹೇಳೋಕಾಗಲ್ಲ.

ಇದನ್ನು ಬರೆಯುತ್ತಿದ್ದೇನೆ ಅಂತ ಅವನಿಗೆ ಹೇಗೋ ಗೊತ್ತಾಗಿದೆ. ನಿನ್ನೆ ರಾತ್ರಿ ಮೆಸೇಜ್: "ಬ್ರೋ, ಪೋಸ್ಟ್ ಎಲ್ಲಾ ಬೇಡ. 2,000 ವಾಪಸ್ ಹಾಕ್ತೀನಿ, ಇಲ್ಲಿಗೆ ಬಿಟ್ಬಿಡು." ಮತ್ತೆ ಬ್ರೋ ಆಗಿಬಿಟ್ಟೆ. 8,500 ಪೂರ್ತಿ ಹಾಕು, ಕತ್ತಿ ವಾಪಸ್ ತಗೊಂಡು ಹೋಗು ಅಂತ ಉತ್ತರ ಬರೆದೆ. ನೀಲಿ ಟಿಕ್ ಬಿದ್ದಿದೆ. ದುಡ್ಡು ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.